ಆರತಿಗೆ ಹೊಳೆದ ಕಣ್ಣು

ಉಣಕಲ್ಲಿನ ಕಾಳವ್ವನಿಗೆ ಡಾಕ್ಟರರ ಮೇಲೆ ನಂಬಿಕೆ ಇರಲಿಲ್ಲ.

ಎರಡು ವರ್ಷದ ಮೊಮ್ಮಗಳು ಉಡಚವ್ವನಿಗೆ ಆಕೆ ದಿನಾ ಸಂಜೆ ಆರತಿ ಎತ್ತಿ ದೃಷ್ಟಿ ತೆಗೆಯುತ್ತಿದ್ದಳು. ದೀಪ ಮುಖದ ಹತ್ತಿರ ಬಂದಾಗ ಮಗುವಿನ ಎಡಗಣ್ಣಿನ ಪಾಪೆ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಎಂಟು ತಿಂಗಳು ಕಾಳವ್ವ ಅದನ್ನು ಓಣಿಯವರನ್ನೆಲ್ಲ ಕರೆದು ತೋರಿಸಿದಳು.

"ನೋಡ್ರೆವ್ವಾ, ಕಣ್ಣಾಗ ದೇವಿ ಕುಂತಾಳ!"

ಒಂದು ಸಂಜೆ ದವಾಖಾನೆಯ ನರ್ಸ್ ತಾರಾಬಾಯಿ ಅದನ್ನು ನೋಡಿದರು.

"ಕಾಳವ್ವ, ಇಂಥಾ ಕಣ್ಣು ನಾ ನೋಡೇನಿ. ಒಳಗ ಕ್ಯಾನ್ಸರ್ ಗಂಟು ಇರಬಹುದು. ಲಗೂ ಡಾಕ್ಟರಿಗೆ ತೋರಸ್ರಿ."

"ನಿಮ್ಮ ಬಾಯಾಗ ಮಣ್ಣ ಬೀಳ್ಲಿ, ಬಾಯಾರ! ಚಂದಾಗಿ ಆಡೋ ಕೂಸಿಗೆ ಎಂಥಾ ರೋಗ?"

"ಮಣ್ಣ ಬಿದ್ರ ಬೀಳ್ಲಿ. ಬಲಗಣ್ಣು ಮುಚ್ಚಿ ಬೆಲ್ಲ ತೋರಸ್ರಿ, ನೀವ ನೋಡ್ರಿ."

ಕಾಳವ್ವ ತಾನೇ ಮುಚ್ಚಿದಳು. ಮಗು ಅತ್ತು ಅವಳ ಕೈ ತಳ್ಳಿತು. ಬೆಲ್ಲ ಮೂಗಿನ ಮುಂದೆಯೇ ಇತ್ತು. ಮಗುವಿನ ಕೈ ಬರೀ ಗಾಳಿಯಲ್ಲಿ ತಡಕಾಡಿತು. ಎಡಗಣ್ಣು ಮುಚ್ಚಿದಾಗ ಒಂದೇ ಸಲಕ್ಕೆ ಕಸಿದುಕೊಂಡು ಬಾಯಿಗೆ ಹಾಕಿಕೊಂಡಿತು. ಕಾಳವ್ವ ಮೂರು ಸಲ ಮಾಡಿ ನೋಡಿದಳು. ನಂತರ ಮಗನನ್ನು ಕೂಗಿದಳು:

"ದ್ಯಾಮಣ್ಣ, ಗಾಡಿ ಹೂಡೋ."

ಹುಬ್ಬಳ್ಳಿಯ ಡಾಕ್ಟರರು ರೈಲು ಹತ್ತಿಸಿ ಮುಂಬಯಿಗೆ ಕಳಿಸಿದರು. ಅಲ್ಲಿ ತಿಳಿಯಿತು: ಬಲಗಣ್ಣಿನಲ್ಲೂ ಒಂದು ಸಣ್ಣ ಗಂಟು. ಎಡಗಣ್ಣು ತೆಗೆಯದಿದ್ದರೆ ರೋಗ ಮಿದುಳಿಗೆ ಏರಿ ಮಗು ಸಾಯುತ್ತದೆ. ಬಲಗಣ್ಣು ಉಳಿಸಲು ಪ್ರಯತ್ನಿಸಬಹುದು.

"ಒಕ್ಕಣ್ಣಿನ ಹುಡುಗೀನ ಯಾರು ಲಗ್ನಾ ಮಾಡ್ಕೋತಾರ?" ಎಂದಳು ಕಾಳವ್ವ.

ಸೊಸೆ ಸಂಗವ್ವ ಅತ್ತೆಗೆ ಮೊದಲ ಸಲ ಎದುರಾಡಿದಳು. "ಬದುಕಿದ್ರ ಯಾರರ ಮಾಡ್ಕೋತಾರ, ಅತ್ತಿ. ಆಪರೇಶನ್ ಕಾಗದಕ್ಕ ಹೆಬ್ಬಟ್ಟ ಒತ್ತಂತ ನಿಮ್ಮ ಮಗಗ ಹೇಳ್ರಿ."

ದ್ಯಾಮಣ್ಣ ಒತ್ತಿದ. ಡಾಕ್ಟರರು ಎಡಗಣ್ಣು ತೆಗೆದರು. ರೇಡಿಯಂ ತುಂಬಿದ ಪುಟ್ಟ ಬಿಲ್ಲೆಯನ್ನು ಬಲಗಣ್ಣಿನ ಗುಡ್ಡೆಗೆ ಹೊಲಿದು, ಗಂಟು ಸುಡುವಷ್ಟು ದಿನ ಬಿಟ್ಟು, ಬಿಚ್ಚಿದರು. ಕಣ್ಣು ಉಳಿಯಿತು.

ಉಡಚವ್ವ ಈಗ ಶಾಲೆಗೆ ಹೋಗುತ್ತಾಳೆ. ಅಜ್ಜಿಯ ಸೂಜಿಗೆ ದಾರ ಪೋಣಿಸುವವಳು ಅವಳೇ. "ನಮ್ಮ ಮನ್ಯಾಗ ಅಕ್ಷರ ಓದಾಕಿ ಈಕಿ ಒಬ್ಬಾಕೀನ," ಎಂದು ಕಾಳವ್ವ ಸಂತೆಯಲ್ಲಿ ಎದೆ ಸೆಟೆಸಿ ಹೇಳುತ್ತಾಳೆ. ಓಣಿಯ ಕೂಸುಗಳ ಕಣ್ಣಿಗೆ ದೀಪ ಹಿಡಿದು ನೋಡುವವಳು ಈಗ ಕಾಳವ್ವನೇ.

ತಾಯಂದಿರೇ, ತಂದೆಯರೇ, ನಿಮ್ಮ ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ, ಕಣ್ಣು ಓರೆಯಾದರೆ, ಅದೇ ವಾರ ಕಣ್ಣಿನ ಡಾಕ್ಟರರಿಗೆ ತೋರಿಸಿ. ಗಂಟು ಸಣ್ಣದಿದ್ದಾಗ ಹೋದರೆ ಕಣ್ಣನ್ನೂ ಉಳಿಸಬಹುದು.

ಈ ಮನೆಯಲ್ಲಿ ಹೋದದ್ದು ಎಂಟು ತಿಂಗಳು, ಒಂದು ಕಣ್ಣು.