ನನ್ನ ಎಡಗಣ್ಣು, ನನ್ನ ತಂಗಿ

ನಾನು ಒಂದು ಮೊಲ. ಮೈ ಬಿಳಿ, ಕಣ್ಣು ಕೆಂಪು. ಮೊಲವೆಂದರೆ ಸಾಧು ಪ್ರಾಣಿ ಎಂದು ನೀವು ಅಂದುಕೊಂಡಿದ್ದರೆ ಅದು ನಿಮ್ಮ ಭ್ರಮೆ. ನನಗೆ ಮೂಗಿನ ತುದಿಯಲ್ಲೇ ಕೋಪ.

ತುಮಕೂರಿನ ಹೊರಗೆ, ಕಾರ್ಖಾನೆಗಳ ನಡುವಿನ ಒಂದು ಲ್ಯಾಬಿನಲ್ಲಿ ಹುಟ್ಟಿದೆ. ಅಮ್ಮ ತನ್ನ ಎದೆಯ ತುಪ್ಪಳವನ್ನೇ ಕಿತ್ತು ನಮಗೆ ಹಾಸಿದ್ದಳು. ಆ ಸೂಲಿನಲ್ಲಿ ಬದುಕಿ ಉಳಿದವರು ನಾನು ಮತ್ತು ನನ್ನ ತಂಗಿ. ನಾನು ಮೊದಲು ಬಂದವಳು, ಆದ್ದರಿಂದ ಅಕ್ಕ. ಈ ವಿಷಯದಲ್ಲಿ ಚರ್ಚೆಯೇ ಬೇಡ.

ದೊಡ್ಡವರಾದ ಮೇಲೆ ನಮ್ಮನ್ನು ಅಕ್ಕಪಕ್ಕದ ಪಂಜರಗಳಲ್ಲಿ ಬಿಟ್ಟರು. ನನ್ನ ಇನ್ನೊಂದು ಪಕ್ಕದ ಪಂಜರದಲ್ಲಿ ಬೇರೊಂದು ಮೊಲವಿತ್ತು. ಮೇವು ಹಾಕಲು ಬರುತ್ತಿದ್ದವನು ಗಂಗಹನುಮಯ್ಯ. ಹಿಡಿಯಲು ಬಂದ ಮೊದಲ ದಿನವೇ ಅವನ ಮುಂಗೈ ಪರಚಿದೆ. "ಅಬ್ಬಬ್ಬಾ, ಬಜಾರಿ ಕಣಮ್ಮ ನೀನು!" ಎಂದು ನಕ್ಕ. ಅದೇ ನನ್ನ ಹೆಸರಾಯಿತು. ತಂಗಿಯನ್ನು ಪಾಪಮ್ಮ ಎನ್ನುತ್ತಿದ್ದ. ಅವಳು ಹಾಗೇ, ಯಾರು ಎತ್ತಿದರೂ ಸುಮ್ಮನೆ ಮುದುಡಿಕೊಳ್ಳುವವಳು.

ಒಂದು ದಿನ ವಸುಧಾ ಮೇಡಂ ಬಾಟಲಿಯೊಂದನ್ನು ಹಿಡಿದು ಬಂದರು. ಪರೀಕ್ಷೆಗಳೆಲ್ಲ ಅವರದೇ ಜವಾಬ್ದಾರಿ. ಅದು ಬೆಳೆಗೆ ಹೊಡೆಯುವ ಹೊಸ ಔಷಧಿಯಂತೆ.

"ಮೂರಕ್ಕೂ ಒಟ್ಟಿಗೇ ಹಾಕ್ತೀರಾ ಮೇಡಂ?" ಎಂದು ಕೇಳಿದ ಗಂಗಹನುಮಯ್ಯ.

"ಇಲ್ಲ. ಮೊದ್ಲು ಇದೊಂದಕ್ಕೆ. ಇದರ ಕಣ್ಣು ತೀರಾ ಕೆಟ್ಟೋದ್ರೆ ಅಲ್ಲಿಗೇ ನಿಲ್ಲಿಸ್ತೀವಿ. ಅಷ್ಟೇನೂ ಆಗಲಿಲ್ಲ ಅಂದ್ರೆ ಪಕ್ಕದ ಎರಡಕ್ಕೂ ಹಾಕಿ ಖಾತ್ರಿ ಮಾಡ್ಕೋಬೇಕು."

"ಪಾಪ, ಯಾಕಾದ್ರೂ ಇದೆಲ್ಲ..."

"ಹೊಡೆಯೋರ ಕಣ್ಣಿಗೆ ಸಿಡಿದ್ರೆ ಏನಾಗುತ್ತೆ ಅಂತ ಡಬ್ಬದ ಮೇಲೆ ಬರೀಬೇಕಲ್ಲ."

ಗಂಗಹನುಮಯ್ಯ ಮೇವಿನ ಬುಟ್ಟಿ ಕೆಳಗಿಟ್ಟ. "ನಮ್ಮ ಭಾವಂದು ಹಂಗೇ ಹೋಗಿದ್ದು, ಒಂದು ಕಣ್ಣು" ಎಂದ. ನನಗೂ ಅಯ್ಯೋ ಎನಿಸಿತು. ಆದರೆ ಅವನ ಭಾವನ ಕಣ್ಣಿಗೆ ನಾನೇನು ಮಾಡಿದ್ದೆ, ಹೇಳಿ?

ನನ್ನನ್ನು ಪೆಟ್ಟಿಗೆಯಲ್ಲಿಟ್ಟು ಕುತ್ತಿಗೆಯ ಸುತ್ತ ಹಲಗೆ ಮುಚ್ಚಿದರು. ತಲೆ ಮಾತ್ರ ಹೊರಗೆ. ನೋವು ಗೊತ್ತಾಗದಿರಲೆಂದು ಮೊದಲು ಒಂದು ಹನಿ ಬಿಟ್ಟರು. ಆಮೇಲೆ ಎಡಗಣ್ಣಿನ ಕೆಳರೆಪ್ಪೆ ಜಗ್ಗಿ ಆ ಔಷಧಿ ಬಿಟ್ಟು, ರೆಪ್ಪೆಗಳನ್ನು ಒತ್ತಿ ಹಿಡಿದರು. ಬಲಗಣ್ಣಿಗೆ ಏನೂ ಹಾಕಲಿಲ್ಲ. ಹೋಲಿಸಿ ನೋಡಲು ಅದು ಬೇಕಂತೆ.

ಮರಗಟ್ಟಿದ್ದು ಬಿಟ್ಟ ಮೇಲೆ ಉರಿ ಶುರುವಾಯಿತು. ದೇವರೇ, ನನ್ನ ಕಣ್ಣು ಉಳಿಸಪ್ಪ ಎಂದು ಬೇಡಿಕೊಂಡೆ. ಬೇಡಿದ ಮರುಕ್ಷಣವೇ ಹೊಳೆಯಿತು. ನನ್ನ ಕಣ್ಣು ಉಳಿದರೆ ಆ ಹನಿ ತಂಗಿಯ ಕಣ್ಣಿಗೆ ಬೀಳುತ್ತದೆ! ಪಕ್ಕದ ಪಂಜರದಲ್ಲಿ ಅವಳು ಏನೂ ತಿಳಿಯದೆ ಹುಲ್ಲು ಅಗಿಯುತ್ತಿದ್ದಳು. ನಾನು ದೇವರಿಗೆ ಕೊಟ್ಟ ಅರ್ಜಿ ವಾಪಸ್ ತೆಗೆದುಕೊಂಡೆ. ಉರಿ ಏರಿದಾಗ ಮತ್ತೆ ಕೊಟ್ಟೆ. ಮತ್ತೆ ತೆಗೆದುಕೊಂಡೆ. ನನಗೆ ನಾಚಿಕೆಯಾಗುತ್ತಿತ್ತು.

ಮರುದಿನ ಮೇಡಂ ಟಾರ್ಚ್ ಬಿಟ್ಟು ನೋಡಿದರು. "ಸ್ವಲ್ಪ ಮಬ್ಬಾಗಿದೆ. ಈಗಲೇ ಹೇಳಕ್ಕಾಗಲ್ಲ. ಪೆಟ್ಟಿಗೆ ಒರೆಸಿಡಿ, ಬೇಕಾಗಬಹುದು."

ಗಂಗಹನುಮಯ್ಯ ಪೆಟ್ಟಿಗೆ ಒರೆಸಿ ತಂಗಿಯ ಪಂಜರದ ಮುಂದೆ ತಂದಿಟ್ಟ. ಅವಳು ಮೂಗು ಚಾಚಿ ಅದನ್ನು ಮೂಸಿದಳು. ಥೂ, ಎಂಥ ದಡ್ಡಿ! ನಾನು ಹಿಂಗಾಲಿನಿಂದ ನೆಲ ಒದ್ದು ಒದ್ದು ಎಚ್ಚರಿಸಿದೆ. ಅಕ್ಕನ ರೇಗಾಟ ಇದ್ದದ್ದೇ ಎಂದು ಅವಳು ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು.

ಅದರ ಮರುದಿನ ಎಡಗಣ್ಣಿಗೆ ಟಾರ್ಚಿನ ಬೆಳಕೇ ಕಾಣಲಿಲ್ಲ. ಮೇಡಂ ತುಂಬ ಹೊತ್ತು ಬಗ್ಗಿ ನೋಡಿದರು. ಅಷ್ಟರಲ್ಲಿ ಆ ಔಷಧಿ ಮಾಡಿದ ಕಂಪನಿಯವರ ಫೋನು. ಉಳಿದೆರಡಕ್ಕೂ ಹಾಕಿ ಎಂದು ಅವರ ಹಟ. ನಾನು ಕಿವಿ ನಿಮಿರಿಸಿದೆ.

"ಇಲ್ಲ ಸರ್. ಇದರ ಕಣ್ಣು ಪೂರ್ತಿ ಬೆಳ್ಳಗಾಗಿದೆ. ಇನ್ನೊಂದು ಪ್ರಾಣಿಗೆ ನಾನು ಹಾಕಲ್ಲ. ಕಣ್ಣು ಹೋಗುತ್ತೆ ಅಂತ ಡಬ್ಬದ ಮೇಲೆ ಹಾಕ್ಕೊಳ್ಳಿ" ಎಂದು ಮೇಡಂ ಫೋನಿಟ್ಟರು.

ಗೆದ್ದೆ! ಕಣ್ಣು ಹೋದವಳು ಕುಣಿದಾಡಿದ್ದನ್ನು ನೀವು ಕಂಡಿದ್ದೀರಾ? ನಾನು ಕುಣಿದೆ. ಪೆಟ್ಟಿಗೆಯನ್ನು ತಂಗಿಯ ಮುಂದಿನಿಂದ ಎತ್ತಿದರು.

"ಇವಳಿಗೆ ಸಂಜೆ ಕೊನೇ ಇಂಜೆಕ್ಷನ್ ಕೊಟ್ಬಿಡೋಣ. ನರಳಿದ್ದು ಸಾಕು" ಎಂದರು ಮೇಡಂ. ಅವರ ದನಿ ಸಣ್ಣಗಾಗಿತ್ತು.

"ಪಾಪಮ್ಮನ್ನ ಏನ್ಮಾಡೋಣ?"

"ಅದನ್ನ ಮುಟ್ಟೇ ಇಲ್ವಲ್ಲ. ನಾಡಿದ್ದು ಇನ್ನೊಂದು ಕಂಪನಿಯ ಬಾಟಲಿ ಬರುತ್ತೆ. ಅದಕ್ಕೆ ಇದನ್ನೇ ಮೊದಲು ತಗೊಳ್ಳೋಣ."

ಗಂಗಹನುಮಯ್ಯ ನನ್ನ ಕಡೆ ನೋಡಲಿಲ್ಲ.

ಈಗ ಮಧ್ಯಾಹ್ನ. ನೋವಿಗೆ ಏನೋ ಕೊಟ್ಟಿದ್ದಾರೆ, ಹಾಯಾಗಿದೆ. ಹೋಗುವ ಮುಂಚೆ ತಂಗಿಯನ್ನು ಹರಸಬೇಕು, ಅಕ್ಕನಲ್ಲವೇ? ಆದರೆ ಏನೆಂದು ಹರಸಲಿ? ಅವಳ ಕಣ್ಣು ಉಳಿದರೆ ಅವಳ ಪಕ್ಕದ ಎರಡು ಮೊಲಗಳಿಗೆ ಹನಿ ಬೀಳುತ್ತದೆ. ಆ ಮೊಲಗಳಿಗೂ ಅಕ್ಕಂದಿರು ಇರಬಹುದು. ಎಲ್ಲ ಗೊತ್ತು ನನಗೆ.

ಗೊತ್ತಿದ್ದರೂ, ಕೆಟ್ಟವಳೆಂದರೆ ಅನ್ನಿ, ನನ್ನ ತಂಗಿಯ ಕಣ್ಣು ಉಳಿಯಲಿ.