ಮೈಲಾರಲಿಂಗನ ಆಡು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಈಗಲೂ ಇದೆ, ಕ್ಷಮಿಸಬೇಕು. ಹಗಲು ಅಂಬಡ್‌ನ ಕಾರ್ಖಾನೆಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ರಕ್ತಪರೀಕ್ಷೆ ಕಲಿತವನು ನಾನು. ಈಗ ನಾಸಿಕ್ ರೋಡಿನ ಸಣ್ಣ ಲ್ಯಾಬೊಂದರಲ್ಲಿದ್ದೇನೆ.

ಅತ್ತಿಗೆ ಚನಬಸವ್ವನಿಗೆ ಮೂರು ತಿಂಗಳಿಂದ ಜ್ವರ. ಹೃದಯದ ಕವಾಟಕ್ಕೆ ಸೋಂಕು ತಗುಲಿದೆ, ಯಾವ ಕ್ರಿಮಿಯೆಂದು ತಿಳಿಯದೆ ಸರಿಯಾದ ಔಷಧಿ ಕೊಡಲಾಗದು, ತಡವಾದಷ್ಟೂ ಕವಾಟ ಕೆಡುತ್ತದೆ ಎಂದು ಮೊದಲು ತೋರಿಸಿದ ಡಾಕ್ಟರು ಹೇಳಿದ್ದರು. ಕ್ರಿಮಿ ಬೆಳೆಸಿ ನೋಡುವ ಬಾಟಲಿಗಳಿಗೆ ಮೂರು ಸಲ ರಕ್ತ ತೆಗೆದವನು ನಾನೇ. ಮೂರು ಸಲವೂ ಏನೂ ಬೆಳೆಯಲಿಲ್ಲ. ರಕ್ತ ಕಡಿಮೆ ಹಾಕಿದೆನೇ, ಬಾಟಲಿ ತಡವಾಗಿ ಕಳಿಸಿದೆನೇ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿತ್ತು.

"ಸಂಜಿ ಸಾಲಿ ಕಲ್ತವನ ಕೈಗುಣ ಇಷ್ಟೇ," ಎಂದ ಅಣ್ಣ ರೇವಣಪ್ಪ.

ಕೊನೆಗೆ ಸಂಭಾಜಿನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರ್ ಮೃದುಲಾ ಮರಾಠಿಯಲ್ಲಿ ಕೇಳಿದರು, ನಾನು ಅದನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳಿದೆ: ಮನೆಯಲ್ಲಿ ದನ, ಆಡು, ಕುರಿ?

"ನಮ್ಮವ್ಯಾವೂ ಇಲ್ರಿ," ಎಂದ ಅಣ್ಣ. ಹಿಂದೆ ಎರಡು ಆಸ್ಪತ್ರೆಗಳಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ಎರಡೂ ಫಾರ್ಮಿನಲ್ಲಿ 'ಇಲ್ಲ' ಎಂದು ಬರೆದವನು ನಾನು.

ಮಂಚದ ಮೇಲಿನಿಂದ ಅತ್ತಿಗೆ ಗೊಣಗಿದಳು, "ಲಗೂ ಮನಿಗಿ ಕಳಸ್ಲಿಕ್ಕೆ ಹೇಳೋ ತಮ್ಮಾ. ಮೈಲಾರಲಿಂಗನ ಆಡಿಗಿ ಮೇವು ಹಾಕೋರಿಲ್ಲ."

"ಏನಂತಾರೆ?" ಎಂದು ಡಾಕ್ಟರ್ ಕೇಳಿದರು. ಮರಾಠಿಗೆ ತಿರುಗಿಸಹೊರಟಾಗಲೇ ನನಗೆ ಹೊಳೆಯಿತು. ಆ ಆಡಿಗೆ ದಿನಾ ಬೆಳಿಗ್ಗೆ ನೀರಿಡುವವನು ನಾನೇ. ಹೇಳಿದೆ.

"ಆಡು ಇಲ್ಲ ಅಂದಿರಿ?"

"ಅದು ದೇವರಿಗಿ ಬಿಟ್ಟಿದ್ದರಿ, ನಮ್ಮದಲ್ಲ," ಎಂದ ಅಣ್ಣ. "ನಾವು ಬರೇ ಸಾಕೀವಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಹಾಗಾದರೆ ದೇವರನ್ನೇ ಕೇಳಬೇಕಿತ್ತು ನಾನು. ಮರಿ ಹಾಕಿತ್ತಾ?"

"ಹೋದ ದೀಪಾವಳಿ ಮುಂದರಿ. ಎರಡೂ ಸತ್ತೇ ಹುಟ್ಟಿದವು," ಎಂದ ಅಣ್ಣ.

"ಹೆರಿಗೆ ಮಾಡಿಸಿದ್ದು ಯಾರು?"

ಅತ್ತಿಗೆ ತನ್ನ ಬರಿಗೈ ಎರಡನ್ನೂ ಎತ್ತಿ ತೋರಿಸಿದಳು.

ಈದ ಆಡಿನಿಂದ ಬರುವ ಒಂದು ಕ್ರಿಮಿ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲವಂತೆ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕಬೇಕಂತೆ. ಹನ್ನೊಂದು ದಿನಕ್ಕೆ ಫಲಿತಾಂಶ ಬಂತು. ಅದೇ.

ಒಂದೂವರೆ ವರ್ಷ ಗುಳಿಗೆ ನುಂಗಬೇಕು. ಜ್ವರ ಇಳಿದಿದೆ. ಕವಾಟ ಉಳಿಯುತ್ತದೋ, ಆಪರೇಷನ್ ಆಗಬೇಕೋ ಡಾಕ್ಟರಿಗೂ ಗೊತ್ತಿಲ್ಲ. ಮೊದಲ ಫಾರ್ಮಿನಲ್ಲೇ 'ಇದೆ' ಎಂದು ಬರೆದಿದ್ದರೆ ಕವಾಟ ಇಷ್ಟು ಕೆಡುತ್ತಿರಲಿಲ್ಲವೇ ಎಂದು ಕೇಳಿದೆ. ಹೇಳಲಾಗದು ಎಂದರು. ನನಗೂ ಗೊತ್ತಿಲ್ಲ.