ಬಲಗಡೆ ಮುರಿದ ಸೇತುವೆ

ಟಕ್. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಟಕ್. ರಾತ್ರಿ ಒಂದೂವರೆಗೆ ಗೋಡೆಯಾಚೆ ಅಕ್ಕ ಪ್ಲಾಸ್ಟಿಕ್ ಸೈನಿಕರ ತೋಳು ಕತ್ತರಿಸುತ್ತಿದ್ದಳು. ಎಣಿಸುತ್ತ ಮಲಗಿದ್ದೆ. ಆರನೆಯ ಸದ್ದಿಗೆ ಎದ್ದು ಹೋದೆ. ಅಷ್ಟು ಕತ್ತರಿಸುತ್ತಿದ್ದಾಳೆಂದರೆ ತಪ್ಪು ನನ್ನ ಮೇಲೆ ಬರುತ್ತದೆ.

ಮೇಜಿನ ಮೇಲೆ ಮುರಿದ ಸೇತುವೆ, ನದಿಯ ದಂಡೆ, ಬೆರಳುದ್ದದ ಹನ್ನೊಂದು ಜನ ಸೈನಿಕರು. ಒಪ್ಪಿಗೆಯಾದರೆ ಈ ಮಾದರಿ ಸೇನಾ ಮ್ಯೂಸಿಯಂನಲ್ಲಿ ಕಾಯಂ ಆಗಿ ಉಳಿಯುತ್ತದೆ. ಒಪ್ಪಬೇಕಾದವರು ಆ ಸೇತುವೆಯಲ್ಲೇ ಕಾದಾಡಿದ ನಿವೃತ್ತ ಕರ್ನಲ್. ಹೋದ ವರ್ಷ ಟ್ರಕ್ಕಿನ ಹಸಿರು ಸರಿಯಿಲ್ಲವೆಂದು ಅಕ್ಕನ ಇನ್ನೊಂದು ಮಾದರಿಯನ್ನು ಹಿಂದಕ್ಕೆ ಕಳಿಸಿದ್ದರು. ಇದನ್ನೂ ಕಳಿಸಿದರೆ ಮ್ಯೂಸಿಯಂನವರು ಅವಳನ್ನು ಮತ್ತೆ ಕರೆಯುವುದಿಲ್ಲ.

"ಫೋಟೋದಲ್ಲಿ ಎಲ್ಲರೂ ಅಂಗಿ ತೋಳು ಮಡಿಚಿದಾರೆ ಅಂದ್ಯಲ್ಲ. ನೋಡು, ಮೂರು ಜನ ಮಡಿಚಿಲ್ಲ," ಅಂದಳು, ತಲೆಯೆತ್ತದೆ.

"ಪುಸ್ತಕದ ಫೋಟೋ ಮಸುಕು ಅಂತ ಆವತ್ತೇ ಹೇಳಿದ್ನಲ್ಲಕ್ಕ. ಅಸಲು ಪ್ರಿಂಟ್ ಕಳಿಸಿ ಅಂತ ಬರ್ದಿದೀನಿ. ಬರೋವರೆಗೂ ಕಾಯೋಣ."

"ನಿನ್ನ ಕೇಳ್ಕೊಂಡು ಹೊರಟಿದ್ರೆ ಆ ಯುದ್ಧ ಇನ್ನೂ ಶುರುವಾಗ್ತಿರ್ಲಿಲ್ಲ."

ನಾನು ಗ್ರಂಥಪಾಲಕಿ. ಆ ಒಂದು ಫೋಟೋಗಾಗಿ ನಾಲ್ಕು ತಿಂಗಳು ಹಳೆಯ ರೆಜಿಮೆಂಟ್ ಇತಿಹಾಸಗಳನ್ನೆಲ್ಲ ಜಾಲಾಡಿದ್ದೆ. ಮಾದರಿಯ ಪಕ್ಕದಲ್ಲಿಡುವ ಫಲಕ ಆಗಲೇ ಸಿದ್ಧವಾಗಿತ್ತು: ನಿರ್ಮಾಣ, ಆಕರ ಸಂಶೋಧನೆ ಎರಡಕ್ಕೂ ಅಕ್ಕನ ಹೆಸರೇ.

"ಆಕರ ನಾನು ಹುಡುಕಿದ್ದಲ್ವಾ?"

"ಜೆರಾಕ್ಸ್ ತಂದುಕೊಟ್ಟೋರ ಹೆಸರೆಲ್ಲ ಹಾಕ್ತಾ ಹೋದ್ರೆ ಜೆರಾಕ್ಸ್ ಅಂಗಡಿಯವನದ್ದೂ ಹಾಕ್ಬೇಕಾಗುತ್ತೆ." ಚಿಮಟದಲ್ಲಿ ಒಂದು ತೋಳು ಎತ್ತಿ ಬೆಳಕಿಗೆ ಹಿಡಿದಳು. "ಹೋಗಿ ಮಲ್ಕೋ. ಉಸಿರು ಬಿಟ್ಟರೂ ಇವರು ಅಲ್ಲಾಡ್ತಾರೆ."

ಬೆಳಿಗ್ಗೆ ಅಮ್ಮನ ಹತ್ತಿರ ಹೇಳಿಕೊಂಡೆ. "ಅವಳ ಬಾಯಿ ನಿಂಗೆ ಹೊಸದಾ?" ಅಂದಳು. ಅಲ್ಲಿಗೆ ಮುಗಿಯಿತು.

ಎರಡು ದಿನದ ಮೇಲೆ ಅಸಲು ಪ್ರಿಂಟ್ ಅಂಚೆಯಲ್ಲಿ ಗ್ರಂಥಾಲಯಕ್ಕೆ ಬಂತು. ಪುಸ್ತಕದ ಪಕ್ಕದಲ್ಲಿಟ್ಟೆ. ಒಮ್ಮೆ ನೋಡಿ, ಬಾಗಿಲ ಕಡೆ ತಿರುಗಿ, ಮತ್ತೆ ನೋಡಿದೆ. ಪುಸ್ತಕದಲ್ಲೂ ಅಕ್ಕನ ಮಾದರಿಯಲ್ಲೂ ಬಲಗಡೆ ಮುರಿದ ಸೇತುವೆ ಅಸಲಿನಲ್ಲಿ ಮುರಿದಿದ್ದು ಎಡಗಡೆ. ಪುಸ್ತಕ ಅಚ್ಚುಹಾಕಿದವರು ನೆಗೆಟಿವ್ ಮಗುಚಿಟ್ಟಿದ್ದರು. ಗುರುತು ಕಣ್ಣೆದುರೇ ಇತ್ತು: ಪುಸ್ತಕದಲ್ಲಿ ಮುಂದೆ ನಿಂತ ಸೈನಿಕನ ಅಂಗಿಯ ಗುಂಡಿಗಳು ಎಡಗಡೆ, ಹೆಂಗಸರ ಶರಟಿನ ಹಾಗೆ. ಭೂತಗನ್ನಡಿ ಹಿಡಿದು ಬೆಲ್ಟಿನ ಚೀಲಗಳನ್ನು ಎಣಿಸಿದ ನಮಗೆ ಅದು ಹೊಳೆದಿರಲಿಲ್ಲ. ಅಕ್ಕನಂತೂ ಆ ಗುಂಡಿಗಳನ್ನೂ ಸೂಜಿಮೊನೆಯಲ್ಲಿ ಹಾಗೆಯೇ ಕೊರೆದಿದ್ದಳು. ದಂಡೆ, ಬಿದ್ದ ಮರ, ಹರಿವ ನೀರು, ಎಲ್ಲವೂ ಅದಲುಬದಲು. ಅಲ್ಲಿ ನಿಂತು ಗುಂಡು ಹಾರಿಸಿದ ಮನುಷ್ಯನಿಗೆ ಭೂತಗನ್ನಡಿ ಬೇಕಾಗುವುದಿಲ್ಲ.

ಕರ್ನಲ್ ಬರಲು ಇನ್ನೂ ನಾಲ್ಕು ದಿನವಿತ್ತು. ಎಲ್ಲ ಕಿತ್ತು ತಿರುಗಿಸಿ ಕಟ್ಟಲು ಅಕ್ಕನಿಗೆ ಮೂರು ಸಾಕು. ಅವಳ ಕೈ ನನಗೆ ಗೊತ್ತು.

ಫೋನ್ ಮಾಡಿದೆ.

"ಏನು?" ಅಂದಳು.

"ಅಕ್ಕ, ಆ ಫೋಟೋ..."

"ಮತ್ತೆ ಶುರು ಮಾಡ್ಬೇಡ. ನದಿ ನೀರಿಗೆ ರಾಳದ ಕೊನೇ ಪದರ ಹುಯ್ತಿದೀನಿ. ನಿನ್ನ ಅನುಮಾನಗಳನ್ನೆಲ್ಲ ಒಂದು ಪಟ್ಟಿ ಮಾಡಿ ಅಮ್ಮಂಗೆ ಕೊಡು, ಅವಳಿಗೆ ಹೊತ್ತು ಹೋಗುತ್ತೆ. ಅಸಲು ಬಂತಾ, ಇಲ್ವಾ? ಅಷ್ಟು ಹೇಳು."

ಪ್ರಿಂಟ್ ನನ್ನ ಬೆರಳ ಕೆಳಗೇ ಇತ್ತು.

"ಇಲ್ಲ."

"ಗೊತ್ತಿತ್ತು," ಅಂದು ಇಟ್ಟಳು.

ಪ್ರಿಂಟನ್ನು ಮತ್ತೆ ಲಕೋಟೆಗೆ ಹಾಕಿ ನೀಟಾಗಿ ಅಂಟು ಹಚ್ಚಿದೆ. ಗ್ರಂಥಾಲಯದ ಪಟ್ಟಿಗೆ ಸೇರದ ನಕ್ಷೆಗಳ ಪೆಟ್ಟಿಗೆಯ ತಳಕ್ಕೆ ತಳ್ಳಿದೆ. ಅಟೆಂಡರ್ ಕೇಳಿದರೆ ಯಾವುದೋ ಕ್ಯಾಟಲಾಗ್ ಅಂದರಾಯಿತು. ಅಕ್ಕನಿಗೆ ಹೇಳುವುದಿಲ್ಲ. ಅಮ್ಮನಿಗೂ ಇಲ್ಲ. ಕರ್ನಲ್ ಬಂದು ಹೋದ ಮೇಲೂ, ಯಾರಿಗೂ ಇಲ್ಲ.